ಕ್ಯಾಮೆರಾ ನಿಂತ ಮೇಲೆ

ಮಾರ್ಚ್ ೪, ಮಂಗಳವಾರ

ಮತ್ತೆ ಸಿಂಕ್ ಕೆಲಸ. ಚಿತ್ರ ಒಂದು ಕಡೆ, ಧ್ವನಿ ಒಂದು ಕಡೆ. ಎರಡನ್ನೂ ಎಳೆದು ತಂದು ಜೋಡಿಸುವುದು. ಇಷ್ಟು ವರ್ಷ ಎಡಿಟಿಂಗ್ ಮಾಡಿಯೂ ಬೇಸರ ಬಾರದ ಭಾಗ ಇದೊಂದೇ. ತುಟಿ ಸುಮ್ಮನೆ ಅಲ್ಲಾಡುತ್ತಿರುತ್ತದೆ. ಮಾತು ಬಂದು ಕೂತ ಕೂಡಲೇ ಮನುಷ್ಯನಿಗೆ ಜೀವ ಬಂದಂತಾಗುತ್ತದೆ.

ನಿರ್ದೇಶಕ ಬಂದಿದ್ದ. ಯೂನಿಟ್ಟಿನವರೆಲ್ಲ ಅವನನ್ನು 'ಮೌನಿ' ಎನ್ನುತ್ತಾರೆ — ಬಾಯಿಗೆ ಬಿಡುವೇ ಇಲ್ಲದ್ದಕ್ಕೆ. ಟೀ ಆರಿ ಹೋಗುವವರೆಗೂ ಒಂದೇ ವಿಷಯ.

"ಮೇಡಂ, ನಂಬಿಕೆ ಅನ್ನೋದನ್ನ ಕ್ಯಾಮೆರಾದಲ್ಲಿ ಹಿಡಿಯೋಕಾಗುತ್ತಾ? ಅದೇ ನನ್ನ ಸಿನಿಮಾ."

ಹಿಡಿಯಲು ಆಗುವುದು ಮುಖ ಮಾತ್ರ ಎಂದೆ. ಚೆನ್ನಾಗಿದೆ ಎಂದ. ಆಮೇಲೆ ಅದನ್ನೇ ತನ್ನ ಮಾತೆಂಬಂತೆ ಫೋನಿನಲ್ಲಿ ಇನ್ಯಾರಿಗೋ ಹೇಳಿದ.

ಸಿನಿಮಾ ಎಂದರೆ ಸಾಕ್ಷ್ಯಚಿತ್ರ — ಟೈರ್ ಅಂಗಡಿಯ ಹಿಂದೆ ಒಂದು ಹಾಲ್. ಗುರುವಾರ ಸಂಜೆ ಜನ ಸೇರುತ್ತಾರೆ. ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಮುದುಕಿ ಮರದ ಕುರ್ಚಿಯಲ್ಲಿ ಕೂತಿರುತ್ತಾರೆ. ಒಬ್ಬೊಬ್ಬರೇ ಹೋಗಿ ಎದುರಿಗೆ ಕೂತರೆ ಎರಡೂ ಕೈ ಹಿಡಿದು ಕಣ್ಣು ಮುಚ್ಚುತ್ತಾರೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಒಂದೋ ಎರಡೋ ಮಾತು. ಆ ಮಾತು ಅವರದಲ್ಲ, ದೇವರು ಅವರ ಕಿವಿಯಲ್ಲಿ ಹೇಳಿದ್ದು ಎಂದು ಜನ ನಂಬಿದ್ದಾರೆ. ಕಾಣಿಕೆ ಇಲ್ಲ, ಬೋರ್ಡಿಲ್ಲ, ಭಾಷಣವಿಲ್ಲ.

ಮೌನಿಗೆ ಆ ಹಾಲ್ ತೋರಿಸಿದ್ದು ನಾನೇ. ಅಕ್ಕ ಪ್ರತಿ ಗುರುವಾರ ಭಾವನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾಳೆ — ಸ್ಟ್ರೋಕ್ ಆಗಿ ಅವರ ಮಾತು ನಿಂತ ಮೇಲೆ ಶುರುವಾದದ್ದು. ದೊಡ್ಡಮ್ಮ ಕ್ಯಾಮೆರಾ ಬೇಡವೆಂದಿದ್ದರು. ಒಪ್ಪಿಸಿದ್ದು ಅಕ್ಕ. "ಎಡಿಟ್ ಮಾಡೋದು ನನ್ನ ತಂಗಿ, ಅವಳು ಯಾರನ್ನೂ ಗೇಲಿ ಮಾಡಲ್ಲ" ಎಂದು ಜಾಮೀನು ನಿಂತಿದ್ದಳಂತೆ.

ಮಾರ್ಚ್ ೬, ಗುರುವಾರ

ಎತ್ತರದ ಮನುಷ್ಯನ ದೃಶ್ಯ ಜೋಡಿಸಿದೆ. ಮಗಳನ್ನು ಕಳೆದುಕೊಂಡವನು. ಕುರ್ಚಿಗೆ ಮೈ ಹಿಡಿಸದು, ಮಡಿಸಿಕೊಂಡು ಕೂತಿದ್ದಾನೆ. ದೊಡ್ಡಮ್ಮ ಕಣ್ಣು ತೆರೆದು, "ಅವಳು ನೆಮ್ಮದಿಯಾಗಿದ್ದಾಳೆ" ಎನ್ನುತ್ತಾರೆ. ಅಷ್ಟೇ. ಆ ದೊಡ್ಡ ದೇಹ ಒಳಗಿನಿಂದ ಕುಸಿಯುವುದು ಕಾಣುತ್ತದೆ. ಮೌನಿಗೆ ಇದೇ ಬಹಳ ಇಷ್ಟದ ಶಾಟ್.

ಸಂಜೆ ಕೆಳಗೆ ಅಕ್ಕನ ಮನೆಗಿಳಿದೆ. ಅಕ್ಕ ಭಾವನಿಗೆ ಅಂಗಿಯ ಗುಂಡಿ ಹಾಕುತ್ತಿದ್ದಳು.

"ಸಿನಿಮಾದಲ್ಲಿ ಇವರು ಹೇಗೆ ಕಾಣ್ತಾರೆ?"

"ಹೀರೋ ಥರ."

ಭಾವ ಅರ್ಧ ಮುಖದಲ್ಲಿ ನಕ್ಕರು. ಉಳಿದರ್ಧ ಇನ್ನೂ ಮಾತು ಕೇಳುವುದಿಲ್ಲ.

"ನೀನೂ ಒಂದ್ಸಲ ಬಾರೇ," ಎಂದಳು ಅಕ್ಕ. "ನಂಬು ಅಂತ ಯಾರು ಹೇಳಿದ್ರು? ಸುಮ್ನೆ ಬಂದು ಕೂತ್ಕೋ."

ಕೆಲಸವಿದೆ ಎಂದೆ. ನಿಜ ಹೇಳಬೇಕೆಂದರೆ ಆ ಕಡೆ ಮನಸ್ಸು ಹರಿಯುವುದಿಲ್ಲ. ದೇವರ ಮೇಲೆ ಕೋಪವೇನಿಲ್ಲ. ಜಗಳ ಆಡುವಷ್ಟು ಪರಿಚಯವೇ ಆಗಲಿಲ್ಲ.

ಮಾರ್ಚ್ ೧೦, ಸೋಮವಾರ, ಮಧ್ಯಾಹ್ನ

ಒಂದು ಧ್ವನಿ ಸಿಕ್ಕಿದೆ. ಚಿತ್ರವಿಲ್ಲ.

ಕ್ಯಾಮೆರಾ ನಿಂತ ಮೇಲೂ ರೆಕಾರ್ಡರ್ ಓಡಿದೆ. ಕಾಲರ್ ಮೈಕ್ ದೊಡ್ಡಮ್ಮನ ಕುತ್ತಿಗೆಯ ಬಳಿಯೇ ಉಳಿದಿದೆ, ತೆಗೆಯಲು ಮರೆತಿದ್ದಾರೆ. ಜನ ಹೋದ ಸದ್ದು, ಕುರ್ಚಿ ಎಳೆದ ಸದ್ದು. ಜೊತೆಯಲ್ಲಿ ಅವರ ಗೆಳತಿ — ಹಾಲ್ ಗುಡಿಸಿ ಟೀ ಕಾಸುವ ಹೊಲಿಗೆಯಾಕೆ. ಹುಡುಗಿಯರಾಗಿದ್ದಾಗಿನಿಂದ ಒಟ್ಟಿಗಿದ್ದವರಂತೆ.

ಕೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಯಾಕೇ, ಸುಸ್ತಾದ ಹಾಗಿದ್ದೀಯ?"

"ಸುಸ್ತಲ್ಲ ಕಣೇ. ಕೇಳಿಸ್ತಿಲ್ಲ."

"ಕಿವಿ ತೋರ್ಸು ಡಾಕ್ಟರ್ ಹತ್ರ."

"ಕಿವಿ ಗಟ್ಟಿಯಾಗೇ ಇದೆ. ಆ ಕಡೆಯಿಂದ ಸದ್ದಿಲ್ಲ. ಬಹಳ ವರ್ಷ ಆಯ್ತು. ಮೊದ್ಲು ಇತ್ತು, ಸುಳ್ಳು ಹೇಳಲ್ಲ. ಈಗ ಕೈ ಹಿಡ್ಕೋತೀನಿ, ಕಾಯ್ತೀನಿ, ಏನೂ ಬರಲ್ಲ. ಕೂತೋರ ಮುಖ ನೋಡಿ ನಾನೇ ಏನೋ ಒಂದು ಹೇಳಿ ಕಳಿಸ್ತೀನಿ."

ಲೋಟ ತೊಳೆಯುವ ಸದ್ದು. ಬಹಳ ಹೊತ್ತು.

"ಮತ್ಯಾಕೆ ಕೂರ್ತೀಯ?"

"ಬರ್ತಾರಲ್ಲ."

ಹೆಡ್‌ಫೋನ್ ತೆಗೆದಿಟ್ಟೆ. ಕೆಳಗೆ ಅಕ್ಕನ ಕುಕ್ಕರ್ ಕೂಗುತ್ತಿತ್ತು. ಅವಳು ಭಾವನಿಗೆ ಏನೋ ಹೇಳಿ ತಾನೇ ನಗುತ್ತಿದ್ದಳು.

ಮಾರ್ಚ್ ೧೧

ಯಾರಿಗೂ ಹೇಳಿಲ್ಲ. ಬಾಯಲ್ಲಿ ಬಿಸಿತುಪ್ಪ — ನುಂಗಲೂ ಆಗದು, ಉಗುಳಲೂ ಆಗದು.

ಅಳಿಸಿಬಿಡಬಹುದು. ಒಂದು ಕೀ ಒತ್ತಿದರೆ ಸಾಕು. ಆದರೆ ಯಾರಿಗಾಗಿ? ಅಳಿಸಿದರೆ ಅಕ್ಕನಿಗಾಗಿ. ಇಟ್ಟರೆ ಸಿನಿಮಾಕ್ಕಾಗಿ. ದೊಡ್ಡಮ್ಮನಿಗಾಗಿ ಮಾಡುವುದು ಯಾವುದು, ಗೊತ್ತಾಗುತ್ತಿಲ್ಲ.

ಒಂದು ತಮಾಷೆ. ಆಕೆಯ ಕಿವಿಯಲ್ಲಿ ದೇವರು ಮಾತಾಡುತ್ತಾನೆ ಎಂದು ಜನ ಹೇಳುವಾಗ ನಾನು ನಂಬಿರಲಿಲ್ಲ. ಈಗ ಆಕೆಯೇ ಇಲ್ಲವೆಂದದ್ದನ್ನು ಕೇಳಿದ ಮೇಲೆ ಆ ಫೈಲನ್ನು ಮತ್ತೆ ತೆರೆಯಲು ನನಗೇಕೆ ಮನಸ್ಸಿಲ್ಲ? ಗೆದ್ದಂತೆ ಅನ್ನಿಸಬೇಕಿತ್ತು.

ಮಾರ್ಚ್ ೧೩, ಗುರುವಾರ

ಮೌನಿಗೆ ಕೇಳಿಸಿದೆ. ಅವನ ಸಿನಿಮಾ, ಮುಚ್ಚಿಡುವ ಹಕ್ಕು ನನಗಿಲ್ಲ ಎನ್ನಿಸಿತು. ಕೇಳಿ ಮುಗಿಸಿ ಎದ್ದು ನಿಂತ. ಕಿಟಕಿಗೆ ಹೋದ. ತಿರುಗಿ ಬಂದ.

"ಮೇಡಂ, ಇದೇ ಸಿನಿಮಾ. ಇದನ್ನ ಕೊನೇಲಿ ಇಡೋಣ. ಎಲ್ಲಾ ಮುಗೀತು ಅನ್ನೋವಾಗ — ಧ್ವನಿ ಮಾತ್ರ. ಪ್ರೇಕ್ಷಕ ಕುರ್ಚಿಯಿಂದ ಏಳಲ್ಲ."

"ಆಕೆಗೆ ಗೊತ್ತಿಲ್ಲದೆ ಹಿಡಿದಿದ್ದು ಅದು."

"ಒಪ್ಪಿಗೆ ಕೊಟ್ಟಿದ್ದಾರಲ್ಲ. ಎಲ್ಲದಕ್ಕೂ ಸೇರಿಸಿ."

"ಕ್ಯಾಮೆರಾ ಮುಂದೆ ಆಡೋ ಮಾತಿಗೆ ಕೊಟ್ಟಿದ್ದು. ಲೋಟ ತೊಳೀತಾ ಗೆಳತಿ ಹತ್ರ ಆಡಿದ್ದಕ್ಕಲ್ಲ."

"ಸತ್ಯ ಅಲ್ವಾ ಮೇಡಂ ಅದು? ನಾವು ಸತ್ಯ ತೋರಿಸೋಕೆ ತಾನೇ ಹೊರಟಿರೋದು?"

ಕಳ್ಳಕಿವಿಯಲ್ಲಿ ಕೇಳಿದ ಸತ್ಯ ಎಂದೆ. ಅವನ ಮುಖ ಕೆಂಪಾಯಿತು. ನಂಬಿಕೆ ಇಲ್ಲದವರು ನೀವು, ನಿಮಗ್ಯಾಕೆ ಇಷ್ಟು ಮರುಕ ಎಂದ. ಆಕೆಯನ್ನು ಕೇಳದೆ ನಾನು ಆ ಕ್ಲಿಪ್ ಮುಟ್ಟುವುದಿಲ್ಲ, ಬೇರೆ ಎಡಿಟರ್ ನೋಡಿಕೋ ಎಂದೆ. ಬಾಗಿಲ ತನಕ ಹೋದವನು ನಿಂತ.

"ಅವರು ಬೇಡ ಅಂದ್ರೆ?"

"ಬೇಡ."

ದನಿ ತಗ್ಗಿಸಿ, "ಸರಿ, ಕೇಳಿ" ಎಂದ. ಪೂರ್ತಿ ಕೆಟ್ಟವನಲ್ಲ. ಸಿನಿಮಾ ತಲೆಗೆ ಹತ್ತಿದೆ, ಅಷ್ಟೇ.

ಮಾರ್ಚ್ ೧೫, ಶನಿವಾರ

ಲ್ಯಾಪ್‌ಟಾಪ್ ಹಿಡಿದು ದೊಡ್ಡಮ್ಮನ ಮನೆಗೆ ಹೋದೆ. ಒಂದೇ ಕೋಣೆ. ಹಾಸಿಗೆಯ ಮೇಲೆ ಒಗೆದ ಬಟ್ಟೆಯ ರಾಶಿ, ಮಡಿಸುತ್ತಿದ್ದರು. ನನಗೂ ಒಂದು ದುಪ್ಪಟಿಯ ತುದಿ ಕೊಟ್ಟರು. ಇಬ್ಬರೂ ಸೇರಿ ಮಡಿಸಿದ ಮೇಲೆ ಬಂದ ವಿಷಯ ಕೇಳಿದರು. ಹೆಡ್‌ಫೋನ್ ಹಾಕಿದೆ. ಅವರ ತಲೆಗೆ ದೊಡ್ಡದಾಯಿತು. ಕೈಯಲ್ಲಿ ಒತ್ತಿ ಹಿಡಿದುಕೊಂಡರು.

ಪೂರ್ತಿ ಕೇಳಿದರು. ಇನ್ನೊಮ್ಮೆ ಹಾಕು ಎಂದರು. ಮತ್ತೆ ಕೇಳಿದರು.

"ನನ್ನ ದನಿ ಇಷ್ಟು ಮುದಿಯಾಗಿದೆಯಾ?"

ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟರು.

"ಯಾರ್ಯಾರು ಕೇಳಿದ್ದಾರೆ?"

"ನಾನು, ನಿರ್ದೇಶಕರು."

"ನಿಮ್ಮಕ್ಕ?"

"ಇಲ್ಲ ದೊಡ್ಡಮ್ಮ. ನಿಮಗೆ ಬೇಡ ಅಂದ್ರೆ ಇಲ್ಲೇ, ನಿಮ್ಮೆದುರಿಗೇ ಅಳಿಸ್ತೀನಿ."

"ಅಳಿಸಿದ್ರೆ ನಾನು ಹೇಳಿದ್ದು ಸುಳ್ಳಾಗುತ್ತಾ?"

ಕಾಲುಚೀಲದ ಜೋಡಿ ಹುಡುಕತೊಡಗಿದರು. ಆಮೇಲೆ ನನ್ನ ಕಡೆ ನೋಡದೆಯೇ —

"ಎಷ್ಟೋ ಗುರುವಾರ ಇವತ್ತು ಹೇಳ್ಬಿಡೋಣ ಅಂತಲೇ ಹೋಗ್ತಿದ್ದೆ. ಎದುರಿಗೆ ಯಾರಾದ್ರೂ ಬಂದು ಕೂತ್ರೆ ನಾಲಿಗೆ ಏಳ್ತಿರ್ಲಿಲ್ಲ. ಅವರು ಅಷ್ಟು ದೂರದಿಂದ ಬಂದಿರ್ತಾರೆ... ಸಿನಿಮಾದಲ್ಲಿ ಇರ್ಲಿ ಕಣಮ್ಮ. ಆದ್ರೆ ಪರದೆ ಮೇಲೆ ಕೇಳೋಕೆ ಮುಂಚೆ ಅವರು ನನ್ನ ಬಾಯಿಂದ ಕೇಳ್ಬೇಕು. ಬರೋ ಗುರುವಾರ ಹೇಳ್ತೀನಿ. ಕ್ಯಾಮೆರಾ ತರ್ಬೇಡಿ."

"ಭಯ ಆಗಲ್ವಾ?"

"ಆಗ್ತಿದೆ. ನೀನು ಬಂದಾಗಿಂದ ಒಳಗೊಳಗೇ ಪ್ರಾರ್ಥನೆ ಮಾಡ್ತಾನೇ ಇದ್ದೀನಿ, ನೋಡು. ಯಾರಿಗೆ ಅಂತ ಕೇಳ್ಬೇಡ."

ನಕ್ಕರು. ನನಗೆ ನಗು ಬರಲಿಲ್ಲ.

ಅಕ್ಕನಿಗೆ ಮೊದಲೇ ಹೇಳಲೇ ಎಂದು ಕೇಳಿದೆ. ಬೇಡ, ಅದು ನನ್ನ ಕೆಲಸ ಎಂದರು.

ಮಾರ್ಚ್ ೨೧, ಶುಕ್ರವಾರ, ಬೆಳಿಗ್ಗೆ

ನಿನ್ನೆಯದು ಬರೆಯಬೇಕು.

ನಾನೂ ಬರುತ್ತೇನೆ ಎಂದಾಗ ಅಕ್ಕನ ಮುಖ ಅರಳಿತು. ಕಾರಣ ಹೇಳಲಿಲ್ಲ. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಕೊನೆಗೂ ತಂಗಿಗೆ ಬುದ್ಧಿ ಬಂತು ಎಂದುಕೊಂಡಿರಬೇಕು. ಆ ನಡಿಗೆ ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಲ್ ತುಂಬಿತ್ತು. ಮೌನಿಯೂ ಬಂದಿದ್ದ, ಬರಿಗೈಯಲ್ಲಿ. ಗೋಡೆಯ ಬದಿ ನಿಂತಿದ್ದ.

ದೊಡ್ಡಮ್ಮ ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತೇ ಹೇಳಿದರು. ಸುತ್ತಿ ಬಳಸಲಿಲ್ಲ.

"ನಿಮಗೆ ನಾನು ಹೇಳ್ತಿದ್ದ ಮಾತೆಲ್ಲ ದೇವರದ್ದು ಅಂತ ನೀವು ಅಂದ್ಕೊಂಡಿದ್ರಿ. ನಾನು ಅಲ್ಲ ಅನ್ಲಿಲ್ಲ. ಮೊದಮೊದಲು ಏನೋ ಕೇಳಿಸ್ತಿತ್ತು. ಆಮೇಲೆ ನಿಂತ್ಹೋಯ್ತು. ಬಹಳ ವರ್ಷದಿಂದ ಹೇಳ್ತಿರೋದೆಲ್ಲ ನನ್ನ ಮಾತು. ಈ ವಿಷಯ ಸಿನಿಮಾದಲ್ಲೂ ಬರುತ್ತೆ. ಅದಕ್ಕೆ ಮುಂಚೆ ನಾನೇ ಹೇಳ್ಬೇಕಿತ್ತು. ತಪ್ಪಾಯ್ತು."

ಹೊರಗೆ ಟೈರಿಗೆ ಗಾಳಿ ತುಂಬುವ ಯಂತ್ರ ಓಡುತ್ತಿತ್ತು; ಅದು ನಿಂತಿತು. ಹಿಂದಿನಿಂದ ಎತ್ತರದ ಮನುಷ್ಯ ಎದ್ದ.

"ನನ್ನ ಮಗಳು ನೆಮ್ಮದಿಯಾಗಿದ್ದಾಳೆ ಅಂದ್ರಿ. ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳ್ಲಿಲ್ಲ."

"ಮತ್ತೆ?"

"ನೀವು ಊಟ ಬಿಟ್ಟು ಎಷ್ಟು ದಿನ ಆಗಿತ್ತೋ. ನಿಮ್ಮ ಮುಖ ನೋಡೋಕಾಗ್ಲಿಲ್ಲ. ಹೇಳ್ಬಿಟ್ಟೆ."

"ಆ ಒಂದು ಮಾತು ಹಿಡ್ಕೊಂಡು ನಾನು ನಿದ್ದೆ ಮಾಡ್ತಿದ್ದೆ ಕಣಮ್ಮ." ದನಿ ಏರಲಿಲ್ಲ. ಕೂಗಿದ್ದರೆ ಕೇಳಲು ಸುಲಭವಾಗುತ್ತಿತ್ತು. "ಇನ್ನು ಮೇಲೆ ಏನು ಹಿಡ್ಕೊಳ್ಳಲಿ?"

ಅವನು ಹೊರಟುಹೋದ. ಅವನ ಹಿಂದೆ ಇನ್ನೂ ಕೆಲವರು. ಹೊಲಿಗೆಯಾಕೆ ಬಾಗಿಲ ಬಳಿ ಟೀ ತಟ್ಟೆ ಹಿಡಿದು ನಿಂತೇ ಇದ್ದಳು, ಯಾರೂ ತೆಗೆದುಕೊಳ್ಳಲಿಲ್ಲ.

ದಾರಿಯಲ್ಲಿ ಅಕ್ಕ ಕೇಳಿದಳು. "ನಿನಗೆ ಮೊದ್ಲೇ ಗೊತ್ತಿತ್ತಾ?"

"ಹ್ಞೂಂ. ಅವರ ಧ್ವನಿ ರೆಕಾರ್ಡ್ ಆಗಿತ್ತು. ನಾನೇ ಕೇಳಿಸಿಕೊಂಡೆ."

ಗೇಟಿನ ಬಳಿ ಭಾವನ ತೋಳು ಹಿಡಿದು ಮೆಟ್ಟಿಲು ಹತ್ತಿಸುತ್ತಾ ಹೇಳಿದಳು — "ಮೂಢೆ ಅಂದ್ಕೊಂಡಿದ್ದೀಯ ನನ್ನ? ಇವರಿಗೆ ಇನ್ನು ಮಾತು ಬರಲ್ಲ ಅಂತ ಡಾಕ್ಟರ್ ಹೇಳಿದ್ದು ನನಗೂ ಗೊತ್ತು. ವಾರಕ್ಕೊಂದು ದಿನ ಗೊತ್ತಿಲ್ಲದ ಹಾಗೆ ಇರ್ತಿದ್ದೆ. ಅದನ್ನೂ ಕಿತ್ಕೊಂಡ್ರಿ."

ಮಾರ್ಚ್ ೨೮

ಕೆಳಗಿನಿಂದ ಕರೆಯಿಲ್ಲ. ಊಟದ ಡಬ್ಬಿ ಮಾತ್ರ ಮೆಟ್ಟಿಲ ಮೇಲಿರುತ್ತದೆ. ಕೋಪ ಬಂದರೂ ತಂಗಿಯನ್ನು ಉಪವಾಸ ಕೆಡವಲು ಅಕ್ಕನಿಗೆ ಬಾರದು. ನಿನ್ನೆ ಗುರುವಾರ, ಅಕ್ಕ, ಭಾವ ಹೋಗಲಿಲ್ಲ. ಸಂಜೆಯಿಡೀ ಟಿವಿ ಜೋರಾಗಿತ್ತು.

ಕೆಲಸ ಸಾಗಿಲ್ಲ. ಟೈಮ್‌ಲೈನ್ ತೆರೆದು ಕೂರುತ್ತೇನೆ, ಮುಚ್ಚುತ್ತೇನೆ. ಮೌನಿ ಫೋನ್ ಮಾಡಿದ್ದ. ಆ ಎತ್ತರದ ಮನುಷ್ಯನ ಮನೆಗೆ ಹೋಗಿದ್ದನಂತೆ, ಅವನ ಶಾಟ್ ಇಡಬಹುದಾ ಎಂದು ಕೇಳಲು. ಅವನು ಬಾಗಿಲು ತೆರೆದು, ಕೇಳಿ, "ಇಟ್ಕೊಳ್ಳಿ. ಆಗ ಅತ್ತಿದ್ದು ನಿಜ ತಾನೇ" ಎಂದು ಬಾಗಿಲು ಹಾಕಿಕೊಂಡನಂತೆ.

ಏಪ್ರಿಲ್ ೩, ಗುರುವಾರ

ಸಂಜೆ ಕೆಳಗೆ ಗಲಾಟೆ. ಇಳಿದು ನೋಡಿದರೆ ಭಾವ ಬಾಗಿಲ ಬಳಿ ಸ್ಟೂಲಿನ ಮೇಲೆ. ಒಂದು ಕಾಲಿಗೆ ಶೂ ಹಾಕಿಕೊಂಡಿದ್ದಾರೆ, ಇನ್ನೊಂದು ಕೈಯಲ್ಲಿದೆ. ಒಬ್ಬರೇ ಹೇಗೆ ಹಾಕಿಕೊಂಡರೋ, ಲೇಸ್ ಎಲ್ಲ ಗೋಜಲು. ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ.

"ಅಲ್ಲೇನಿದೆ ಅಂತ ರೀ? ಅವರೇ ಹೇಳಿದ್ರಲ್ಲ, ಏನೂ ಇಲ್ಲ ಅಂತ. ನೀವೂ ಕೇಳಿಸ್ಕೊಂಡ್ರಿ ತಾನೇ?"

ಭಾವ ತಲೆಯಾಡಿಸಿದರು. ಕೇಳಿಸಿಕೊಂಡೆ ಎಂದು. ಶೂ ಮುಂದಕ್ಕೆ ಚಾಚಿದರು.

ಅಕ್ಕ ನನ್ನನ್ನು ನೋಡಿದಳು. ಆಮೇಲೆ ನೆಲದ ಮೇಲೆ ಕೂತು ಶೂ ಹಾಕತೊಡಗಿದಳು. ನಾನು ಇನ್ನೊಂದರ ಗಂಟು ಬಿಡಿಸಿದೆ. ಏಳುವಾಗ ಅಕ್ಕ ನನ್ನ ಭುಜ ಹಿಡಿದೇ ಎದ್ದಳು.

ಹಾಲಿನಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ. ಭಾವ ನೇರ ಹೋಗಿ ಎದುರಿಗೆ ಕೂತು ಕೈ ಚಾಚಿದರು. ದೊಡ್ಡಮ್ಮ ಹಿಡಿದುಕೊಂಡರು. ಬಹಳ ಹೊತ್ತು. ಈ ಸಲ ಕಣ್ಣು ಮುಚ್ಚಲಿಲ್ಲ, ಏನೂ ಹೇಳಲಿಲ್ಲ. ಇಬ್ಬರು ಮಾತಿಲ್ಲದವರು.

ಎದ್ದು ಬರುವಾಗ ಭಾವನ ಮುಖ ನೋಡಿದೆ. ಅದರಲ್ಲಿ ಏನಿತ್ತು ಎಂದು ಬರೆಯಲು ಹೊರಟರೆ ಸುಳ್ಳಾಗುತ್ತದೆ.

ಏಪ್ರಿಲ್ ೯, ಬುಧವಾರ

ಮೌನಿಯ ಜೊತೆ ಇಡೀ ದಿನ. ಕ್ಲಿಪ್ ಕೊನೆಯಲ್ಲಿಡಬೇಕು ಎನ್ನುವುದು ಅವನ ಹಟ.

"ಕೊನೇಲಿಟ್ರೆ ಕಳ್ಳಿ ಸಿಕ್ಕಿಬಿದ್ದ ಹಾಗಾಗುತ್ತೆ," ಎಂದೆ. "ನೋಡಿದವರು ಓಹೋ ಅಂದ್ಕೊಂಡು ಮನೆಗೆ ಹೋಗ್ತಾರೆ. ಮೊದಲ ಕಾಲುಭಾಗದಲ್ಲೇ ಹೇಳ್ಬಿಡೋಣ. ಆಮೇಲೆ ಅವರು ಒಬ್ಬೊಬ್ಬರ ಕೈ ಹಿಡಿಯೋದನ್ನ ನೋಡ್ಲಿ. ಗೊತ್ತಿದ್ದೂ ನೋಡ್ಲಿ."

"ಸಸ್ಪೆನ್ಸ್ ಹೋಗುತ್ತೆ ಮೇಡಂ."

"ಹೋಗ್ಲಿ. ಸಸ್ಪೆನ್ಸ್ ಇರೋದು ಆಕೆ ಮುಂದಿನ ವಾರವೂ ಬಂದು ಕೂರ್ತಾರಾ ಅನ್ನೋದ್ರಲ್ಲಿ."

ಜೋಡಿಸಿ ತೋರಿಸಿದೆ. ಎತ್ತರದ ಮನುಷ್ಯನ ಶಾಟ್ ಈಗ ಕ್ಲಿಪ್ಪಿನ ನಂತರ ಬರುತ್ತದೆ. ಅದೇ ಶಾಟ್, ಒಂದು ಫ್ರೇಮೂ ಬದಲಿಸಿಲ್ಲ. "ಅವಳು ನೆಮ್ಮದಿಯಾಗಿದ್ದಾಳೆ." ಈಗ ಕಣ್ಣು ಹೋಗುವುದು ಅವನ ಮೇಲಲ್ಲ, ದೊಡ್ಡಮ್ಮನ ಮೇಲೆ. ಆ ಮಾತು ಹೇಳುವ ಮುಂಚೆ ಆಕೆ ತುಟಿ ಒದ್ದೆ ಮಾಡಿಕೊಳ್ಳುತ್ತಾರೆ. ಎಷ್ಟೋ ಸಲ ನೋಡಿದ್ದರೂ ನಾನು ಗಮನಿಸಿರಲಿಲ್ಲ. ಅದು ಸುಳ್ಳೋ, ಕರುಣೆಯೋ. ಎರಡೂ ಇರಬಹುದು. ನಾನು ತೀರ್ಪು ಕೊಡುವವಳಲ್ಲ, ಕತ್ತರಿಸುವವಳು.

ಮೌನಿ ಕೆನ್ನೆಗೆ ಕೈ ಹಚ್ಚಿ ಕೂತ. "ಹಿಂಗೇ ಇರ್ಲಿ" ಎಂದ.

ಇನ್ನು ಆ ಧ್ವನಿಗೆ ಚಿತ್ರ ಯಾವುದು? ದೊಡ್ಡಮ್ಮ ಲೋಟ ತೊಳೆಯುವ ಶಾಟ್ ಬೇರೆ ದಿನದ್ದಿದೆ. ಹಾಕಿದರೆ ಚೆನ್ನಾಗಿ ಕೂರುತ್ತದೆ, ಆದರೆ ಅದು ಆ ದಿನದ್ದಲ್ಲ. ಬೇಡವೆಂದೆ. ಪರದೆ ಕಪ್ಪಾಗಿರಲಿ.

ಏಪ್ರಿಲ್ ೨೭, ಭಾನುವಾರ

ನಿನ್ನೆ ಮೊದಲ ಪ್ರದರ್ಶನ. ಥಿಯೇಟರಿನಲ್ಲಲ್ಲ, ಅದೇ ಹಾಲಿನಲ್ಲಿ. ದೊಡ್ಡಮ್ಮ ಹಾಕಿದ ಷರತ್ತಂತೆ. ಗೋಡೆಗೆ ಬಿಳಿ ಬಟ್ಟೆ ಕಟ್ಟಿದ್ದರು, ಹೊಲಿಗೆಯಾಕೆ ರಾತ್ರಿಯೇ ಅಂಚು ಹೊಲಿದುಕೊಟ್ಟಿದ್ದಳು.

ಬಿಟ್ಟುಹೋದವರಲ್ಲಿ ಹಲವರು ಬಂದಿದ್ದರು. ಸಿನಿಮಾ ಎಂದರೆ ಯಾರು ಬಿಡುತ್ತಾರೆ. ಪರದೆ ಕಪ್ಪಾದಾಗ ಎದ್ದು ಹೋಗುವವರು ಹೋಗಲಿ ಎಂದು ಬಾಗಿಲ ಕಡೆಯೇ ನೋಡುತ್ತಿದ್ದೆ. ಯಾರೂ ಏಳಲಿಲ್ಲ. ದೊಡ್ಡಮ್ಮ ಮಾತ್ರ ಆ ಹೊತ್ತಿಗೆ ತಲೆ ತಗ್ಗಿಸಿದ್ದರು. ಭಾವ ತಮ್ಮ ಮುಖ ದೊಡ್ಡದಾಗಿ ಕಂಡಾಗ ಅಕ್ಕನ ಮೊಣಕೈಗೆ ತಿವಿದರು. ಅಕ್ಕ "ಸುಮ್ನಿರಿ, ನೋಡ್ತಿದ್ದೀನಿ" ಎಂದಳು.

ಮುಗಿದ ಮೇಲೆ ಚಪ್ಪಾಳೆ ಇಲ್ಲ. ಒಬ್ಬೊಬ್ಬರೇ ಎದ್ದು ಹೊರಟರು. ಕೆಲವರು ದೊಡ್ಡಮ್ಮನ ಬಳಿ ನಿಂತರು, ಕೆಲವರು ನಿಲ್ಲಲಿಲ್ಲ. ಮೌನಿ ವೈರು ಸುತ್ತುತ್ತಿದ್ದ.

ಎತ್ತರದ ಮನುಷ್ಯ ಬಂದಿದ್ದನೆಂದು ಗೊತ್ತಾದದ್ದು ಆಗಲೇ. ಕೊನೆಯ ಸಾಲಿನಿಂದ ಎದ್ದು ಬಂದ. ನಾನು ಕುರ್ಚಿ ಮಡಿಸುವ ನೆಪದಲ್ಲಿ ಹತ್ತಿರವೇ ಇದ್ದೆ. ಕೇಳಿಸಿಕೊಳ್ಳುವ ಚಾಳಿ ಬಿಡದು.

"ಗುರುವಾರ ಇನ್ನೂ ಕೂರ್ತೀರಾ?"

"ಕೂರ್ತೀನಿ," ಎಂದರು ದೊಡ್ಡಮ್ಮ. "ಆದ್ರೆ ನಿಮಗೆ ಹೇಳೋಕೆ ನನ್ನ ಹತ್ರ ಏನೂ ಇಲ್ಲಪ್ಪ."

"ಬೇಡ." ಅವನು ಬಾಗಿಲ ಕಡೆ ನೋಡಿದ, ಮತ್ತೆ ಅವರ ಕಡೆ ತಿರುಗಿದ. "ನನ್ನ ಹತ್ರ ಇದೆ. ಅವಳ ಬಗ್ಗೆ. ಯಾರಿಗೂ ಹೇಳಿಲ್ಲ."

ದೊಡ್ಡಮ್ಮ ನಾನು ಮಡಿಸಿಟ್ಟಿದ್ದ ಒಂದು ಕುರ್ಚಿಯನ್ನು ತಾವೇ ಎಳೆದು ಬಿಡಿಸಿ, ಗುರುವಾರದ ತನಕ ಯಾಕೆ ಎಂದರು. ಅವನು ಕೂತ. ಮೊದಲು ಮಗಳ ಹೆಸರು ಹೇಳಿದ. ಆಮೇಲೆ ಅವಳು ಚಿಕ್ಕವಳಿದ್ದಾಗ ಒಂದು ದಿನ —

ಕೆಳಗಿನಿಂದ ಅಕ್ಕ ಕೂಗುತ್ತಿದ್ದಾಳೆ. ಇಷ್ಟು ದಿನದ ಮೇಲೆ. ಹೋಗಿ ಬಂದು ಮಿಕ್ಕಿದ್ದು ಬರೆಯುತ್ತೇನೆ.